ಒಂದು ಅಂಕಿಯ ಹಿಂದೆ ಹನ್ನೊಂದು ಅಂಕಿ

ಹೋದ ಮಳೆಗಾಲದಲ್ಲಿ ಅಟ್ಟದ ಮೇಲಿನ ಟ್ರಂಕಿಗೆ ಗೆದ್ದಲು ಹತ್ತಿದೆಯೆಂದು ಮನೆಯವರು ಎಚ್ಚರಿಸಿದರು. ಮೂವತ್ತು ವರ್ಷ ಧಾರವಾಡದಲ್ಲಿ ಮಾಸ್ತರಿಕೆ ಮಾಡಿದವನ ಟ್ರಂಕಿನಲ್ಲಿ ಇರುವುದಾದರೂ ಏನು? ಹಳೆಯ ಹಾಜರಿ ಪುಸ್ತಕ, ತರಬೇತಿಯ ಕಾಲದ ಟಿಪ್ಪಣಿಗಳು, ನಿವೃತ್ತಿಯ ದಿನ ಕೊಟ್ಟ ಮಾನಪತ್ರ. ಮಾನಪತ್ರವನ್ನು ಗೆದ್ದಲು ಮುಕ್ಕಾಲು ಪಾಲು ತಿಂದಿತ್ತು. ಅದಕ್ಕೆ ನನಗೇನೂ ವ್ಯಥೆಯಿಲ್ಲ. ಅದು ಮುಟ್ಟದೆ ಬಿಟ್ಟ ಒಂದು ಕಾಗದ ಮಾತ್ರ ನನ್ನನ್ನು ಆ ಸಂಜೆಯೆಲ್ಲ ಅಲ್ಲಿಯೇ ಕೂಡಿಸಿತು.

ಅದು 1994ರದು. ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನನ್ನು ದೊಡ್ಡ ಆಸ್ಪತ್ರೆಯೊಂದರಲ್ಲಿ ಬುದ್ಧಿಪರೀಕ್ಷೆಗೆ ಒಳಪಡಿಸಿ ಕೊಟ್ಟ ವರದಿ. ಹುಡುಗನ ತಂದೆಗೆ ಹಿಟ್ಟಿನ ಗಿರಣಿ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆಯ ಮೇಲೆ ಹಿಟ್ಟಿನ ಪುಡಿಯಿರುವಂತೆಯೇ, ಶಾಲೆಯ ಪಡಸಾಲೆಗೆ ಬಂದು ನಿಂತಿದ್ದರು.

“ಸರ, ದವಾಖಾನ್ಯಾಗ ಕಾಗದಾ ಕೊಟ್ಟಾರ. ಅದರಾಗೇನ ಬರದಾರೋ ನಮಗ ತಿಳೀವಲ್ದು. ಹುಡುಗಗ ತಲಿ ಐತೋ ಇಲ್ಲೋ, ಅಷ್ಟು ಹೇಳ್ರಿ ಸಾಕು.”

ನಾನು ಕನ್ನಡಕ ಏರಿಸಿ ಕಾಗದದ ಕೊನೆಯ ಸಾಲನ್ನು ನೋಡಿದೆ. ಒಟ್ಟು ಬುದ್ಧಿಲಬ್ಧ 94. ಜನರ ಬಾಯಲ್ಲಿ ಐ.ಕ್ಯೂ. ಎಂದು ಕರೆಯಿಸಿಕೊಳ್ಳುವುದು ಇದೇ. ನೂರು ಸರಾಸರಿ, ತೊಂಬತ್ತರ ಮೇಲಿದ್ದರೆ ಸಾಧಾರಣ. ತರಬೇತಿಯಲ್ಲಿ ಇಷ್ಟನ್ನು ಬಾಯಿಪಾಠ ಮಾಡಿದ್ದೆ.

“ತಲಿ ಬೇಕಾದಷ್ಟು ಐತ್ರಿ. ಹುಡುಗ ಮೈಗಳ್ಳ ಅದಾನ. ಸ್ವಲ್ಪ ಬಿಗಿ ಮಾಡ್ರಿ.”

ಅವರು ಬಿಗಿ ಮಾಡಿದರು. ಹೇಗೆ ಮಾಡಿದರೆಂಬುದು ಹುಡುಗನ ಮೊಣಕಾಲ ಕೆಳಗೆ ಕಾಣುತ್ತಿತ್ತು. ಎರಡು ವರ್ಷದ ಮೇಲೆ ಅವನು ಶಾಲೆ ಬಿಟ್ಟ. ಕಾಗದವನ್ನು ತಂದೆ ಮರಳಿ ಕೇಳಲಿಲ್ಲ. ತಿಳಿದವರ ಹತ್ತಿರವೇ ಇರಲಿ ಎಂದುಕೊಂಡಿರಬೇಕು.

ಆ ಕೊನೆಯ ಸಾಲಿನ ಮೇಲೆ ಇನ್ನೂ ಹನ್ನೊಂದು ಸಾಲುಗಳಿದ್ದವು. ಅವನ್ನು ನಾನು ಓದಿದ್ದು ಹೋದ ಮಳೆಗಾಲದಲ್ಲಿ. ಹನ್ನೊಂದು ಅಂಕಿಗಳನ್ನು ಮರೆಮಾಡುವ ಬಲ ಒಂದು ಅಂಕಿಗೆ ಬಂದುದು ಹೇಗೆ ಎಂದು ಆಮೇಲೆ ಹುಡುಕತೊಡಗಿದೆ. ಆ ಹುಡುಕಾಟ ನನ್ನನ್ನು ಪ್ಯಾರಿಸಿನಿಂದ ಮೊದಲುಮಾಡಿ ಮತ್ತೆ ನನ್ನ ಊರಿಗೇ ತಂದು ಬಿಟ್ಟಿತು.

ಬುದ್ಧಿಪರೀಕ್ಷೆಯ ಮೂಲಪುರುಷರೆನಿಸಿದ ಆಲ್ಫ್ರೆಡ್ ಬಿನೆ 1857ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಹುಟ್ಟಿದವರು. ಅವರ ಮೊದಲ ಪಾಠಶಾಲೆ ಅವರ ಮನೆಯೇ. ಮದಲೇನ್, ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ನಡೆಯಲು ಕಲಿಯುವಾಗ ಈ ತಂದೆ ನೋಡಿ ಬರೆದಿಟ್ಟುದು ಸ್ವಾರಸ್ಯವಾಗಿದೆ. ದೊಡ್ಡವಳು ಕುರ್ಚಿಯನ್ನೋ ಮೇಜನ್ನೋ ಹಿಡಿದು, ಮುಂದೆ ಹಿಡಿಯಲು ಇನ್ನೊಂದು ಆಸರೆಯಿದೆ ಎಂದು ಖಾತ್ರಿಯಾದ ಮೇಲೆಯೇ ಕೈ ಬಿಡುತ್ತಿದ್ದಳು. ಚಿಕ್ಕವಳು ನೇರವಾಗಿ ಕೋಣೆಯ ನಡುವಿಗೇ ತೂರಾಡುತ್ತ ಹೊರಟುಬಿಡುತ್ತಿದ್ದಳು. ಮುಂದೆ ಅವರು ಬೆಳೆದಾಗ ಶಬ್ದಗಳನ್ನು ಬರೆಯಿಸಿ, ವಸ್ತುಗಳನ್ನು ವರ್ಣಿಸುವಂತೆ ಹೇಳಿ ನೋಡಿದರು. ಒಬ್ಬಳು ಕಂಡದ್ದನ್ನು ಕಂಡಂತೆ ಹೇಳುವವಳು. ಇನ್ನೊಬ್ಬಳು ಕಲ್ಪನೆಯ ಬೆನ್ನು ಹತ್ತುವವಳು. 1903ರಲ್ಲಿ ಇವನ್ನೆಲ್ಲ ಸೇರಿಸಿ ಪುಸ್ತಕ ಮಾಡಿದರು, ಹುಡುಗಿಯರ ಹೆಸರು ಬದಲಾಯಿಸಿ. ಒಂದೇ ಮನೆಯ ಅನ್ನ ಉಂಡ ಇಬ್ಬರು ಮಕ್ಕಳ ಬುದ್ಧಿಯ ನಡಿಗೆ ಬೇರೆಬೇರೆ. ಇವಳು ಹೆಚ್ಚು, ಅವಳು ಕಡಿಮೆ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಬಿನೆಯವರ ಮನಸ್ಸಿನ ತಳದಲ್ಲಿ ಕೊನೆಯವರೆಗೂ ಇದ್ದದ್ದು ಈ ಚಿತ್ರವೇ ಎಂದು ನನ್ನ ಎಣಿಕೆ.

ಬುದ್ಧಿಯನ್ನು ಅಳೆಯಲು ಅವರು ಮೊದಲು ಹಿಡಿದದ್ದು ಆ ಕಾಲದ ಎಲ್ಲರೂ ಹಿಡಿದ ದಾರಿಯನ್ನು: ತಲೆಬುರುಡೆಯ ಅಳತೆ. ಶಿಕ್ಷಕರು ಜಾಣರೆಂದು ಆರಿಸಿಕೊಟ್ಟ ಮಕ್ಕಳ ತಲೆ, ದಡ್ಡರೆಂದು ಆರಿಸಿಕೊಟ್ಟವರ ತಲೆ, ಎರಡನ್ನೂ ಅಳೆದರು. ಸಿಕ್ಕ ವ್ಯತ್ಯಾಸ ಮಿಲಿಮೀಟರಿನ ಲೆಕ್ಕದ್ದು. ಆಗ ಅವರು ಮಾಡಿದ ಕೆಲಸ ಮೆಚ್ಚತಕ್ಕದ್ದು. ಜಾಣರ ತಲೆ ದೊಡ್ಡದಿರಬೇಕೆಂಬ ನಿರೀಕ್ಷೆಯೇ ನನ್ನ ಕೈಯ ಅಳತೆಯನ್ನು ವಾಲಿಸುತ್ತಿದೆಯೋ ಏನೋ ಎಂದು ತಮ್ಮನ್ನೇ ಸಂಶಯಿಸಿ, ಅದನ್ನು ಅಚ್ಚಿನಲ್ಲಿ ಒಪ್ಪಿಕೊಂಡರು. ತಲೆಯ ಅಳತೆಯ ದಾರಿಯನ್ನು ಬಿಟ್ಟೇಬಿಟ್ಟರು.

ಫ್ರಾನ್ಸಿನಲ್ಲಿ 1882ರಲ್ಲಿ ಕಡ್ಡಾಯ ಶಿಕ್ಷಣ ಬಂದಿತ್ತು. ಎಲ್ಲ ಮಕ್ಕಳೂ ಶಾಲೆಗೆ ಬಂದಮೇಲೆ ಕೆಲವರು ಹಿಂದೆ ಬೀಳುವುದು ಕಣ್ಣಿಗೆ ಬೀಳತೊಡಗಿತು. ಅಂಥವರನ್ನು ಗುರುತಿಸಿ ಬೇರೆ ತೆರನಾದ ಪಾಠ ಕೊಡಬೇಕು. ಗುರುತಿಸುವ ಕೆಲಸ ಶಿಕ್ಷಕನ ಸಿಟ್ಟಿಗೆ, ತಂದೆತಾಯಿಗಳ ನಾಚಿಕೆಗೆ ಬಿಟ್ಟದ್ದಾಗಬಾರದು. 1904ರಲ್ಲಿ ಸರಕಾರ ಇದಕ್ಕಾಗಿ ಒಂದು ಸಮಿತಿ ಮಾಡಿತು, ಬಿನೆ ಅದರ ಸದಸ್ಯರಾದರು. ಮರುವರ್ಷವೇ, 1905ರಲ್ಲಿ, ತರುಣ ವೈದ್ಯ ತಿಯೊಡೋರ್ ಸಿಮೋನರ ಜೊತೆಗೂಡಿ 30 ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು.

ಆ 30ರ ಪಟ್ಟಿ ಶೆಟ್ಟರ ಅಂಗಡಿಯ ಗೋಣಿಚೀಲದಂತಿದೆ. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣು ಹಿಂಬಾಲಿಸುತ್ತದೆಯೆ? ಚಾಕಲೇಟಿಗೂ ಕಟ್ಟಿಗೆಯ ತುಂಡಿಗೂ ಭೇದ ತಿಳಿಯುತ್ತದೆಯೆ? ಮೂರು ಅಂಕಿ ಹೇಳಿದರೆ ಮರಳಿ ಹೇಳಬಲ್ಲದೆ? ನೊಣಕ್ಕೂ ಪಾತರಗಿತ್ತಿಗೂ ಏನು ವ್ಯತ್ಯಾಸ? ಮೂರು ಶಬ್ದ ಕೊಟ್ಟರೆ ಒಂದು ವಾಕ್ಯವಾಗುತ್ತದೆಯೆ? ಮಡಿಸಿ ಕತ್ತರಿಸಿದ ಕಾಗದ ಬಿಚ್ಚಿದಾಗ ಹೇಗೆ ಕಂಡೀತು? ನೆನಪು, ಮಾತು, ಕಣ್ಣಳತೆ, ವ್ಯವಹಾರ ಎಲ್ಲವೂ ಅಲ್ಲಿ ಕಲಸುಮೇಲೋಗರ. ಬೇಕೆಂದೇ ಹಾಗೆ ಮಾಡಿದ್ದರು. ಬುದ್ಧಿ ಒಂದೇ ವಸ್ತುವಲ್ಲವಾದ್ದರಿಂದ ಬೇರೆಬೇರೆ ಕಡೆಯಿಂದ ತಟ್ಟಿ ನೋಡಬೇಕು ಎಂಬುದು ಅವರ ಆಲೋಚನೆ. 1908ರಲ್ಲಿ ಈ ಪ್ರಶ್ನೆಗಳನ್ನು ವಯಸ್ಸಿನ ಮೆಟ್ಟಿಲುಗಳಲ್ಲಿ ಜೋಡಿಸಿದರು: ಮೂರು ವರ್ಷದ ಮಗು ಇಷ್ಟು ಮಾಡೀತು, ನಾಲ್ಕರದು ಇಷ್ಟು, ಹೀಗೆ ಹದಿಮೂರರವರೆಗೆ. ಮಗು ಎಷ್ಟನೆಯ ಮೆಟ್ಟಿಲು ಏರಿತೋ ಅದು ಅದರ ಮಾನಸಿಕ ಮಟ್ಟ. ಬುದ್ಧಿ ಹುಟ್ಟಿನೊಡನೆ ಬಂದ ಅಳೆದಿಟ್ಟ ಪಡಿ, ಹೆಚ್ಚಿಸಲು ಬಾರದು ಎನ್ನುವವರನ್ನು 1909ರ ಪುಸ್ತಕದಲ್ಲಿ ಬಿನೆ ಕಟುವಾಗಿಯೇ ಟೀಕಿಸಿದರು. ಹಿಂದುಳಿದ ಮಕ್ಕಳಿಗಾಗಿ ಗಮನ, ನೆನಪುಗಳ ಸಾಧನೆಯ ಪಾಠಗಳನ್ನೂ ರಚಿಸಿದರು. 1911ರಲ್ಲಿ, 54ರ ಪ್ರಾಯದಲ್ಲಿ, ತೀರಿಕೊಂಡರು.

ಅವರು ತೀರಿದ ಮರುವರ್ಷ ಜರ್ಮನಿಯ ವಿಲಿಯಮ್ ಸ್ಟರ್ನ್ ಒಂದು ಸಣ್ಣ ಭಾಗಾಕಾರ ಮಾಡಿದರು: ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವುದು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಭಾಗಲಬ್ಧವನ್ನು ನೂರರಿಂದ ಗುಣಿಸಿ ದಶಾಂಶದ ತೊಡಕನ್ನೂ ತೆಗೆದರು. ಬುದ್ಧಿಲಬ್ಧ ಹುಟ್ಟಿತು. ಭಾಗಾಕಾರ, ಗುಣಾಕಾರ ಎರಡೂ ನಾಲ್ಕನೆಯ ಇಯತ್ತೆಯ ಲೆಕ್ಕಗಳು. ಆದರೆ ಅವುಗಳ ನಡುವೆ ಏನು ಕಳೆದುಹೋಯಿತೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ.

ಟರ್ಮನ್ನರ ಮಾಪಕದಲ್ಲಿ ಹತ್ತರವರೆಗೆ ಒಂದೊಂದು ವಯಸ್ಸಿಗೆ ಆರು ಪರೀಕ್ಷೆ, ಒಂದೊಂದು ಪರೀಕ್ಷೆಗೆ ಎರಡು ತಿಂಗಳು. ಎಂಟು ವರ್ಷದ ಒಬ್ಬ ಹುಡುಗಿ ಎಂಟನೆಯ ಮೆಟ್ಟಿಲಿನವರೆಗೆ ಎಲ್ಲವನ್ನೂ ಮಾಡಿ, ಒಂಬತ್ತರಲ್ಲಿ ಒಂದನ್ನೂ ಮಾಡಲಿಲ್ಲವೆನ್ನಿ. ಅವಳ ಮಾನಸಿಕ ವಯಸ್ಸು ಎಂಟು. ಅದೇ ವಯಸ್ಸಿನ ಒಬ್ಬ ಹುಡುಗ ಐದನೆಯ ಮೆಟ್ಟಿಲಿನವರೆಗೆ ಮಾತ್ರ ಪೂರ್ತಿ ಮಾಡಿದ. ಆರು, ಏಳು, ಎಂಟರಲ್ಲಿ ನಾಲ್ಕು ನಾಲ್ಕು ಮಾಡಿದ. ಒಂಬತ್ತು, ಹತ್ತರಲ್ಲಿ ಮೂರು ಮೂರು. ಕೂಡಿಸಿ ನೋಡಿ: ಐದು ವರ್ಷದ ಮೇಲೆ 36 ತಿಂಗಳು. ಅವನ ವಯಸ್ಸೂ ಎಂಟು! ಇಬ್ಬರ ಬುದ್ಧಿಲಬ್ಧವೂ ಸರಿಯಾಗಿ 100. ಹುಡುಗಿ ಸಮತಟ್ಟಾದ ಹೊಲದಲ್ಲಿ ನಡೆಯುವವಳು. ಹುಡುಗ ಹತ್ತು ವರ್ಷದವರ ಕೆಲಸ ಮಾಡುತ್ತ ಆರು ವರ್ಷದವರ ಕೆಲಸದಲ್ಲಿ ಎಡವುವವನು. ಅವನಿಗೆ ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಬಿಟ್ಟರೂ ಓಡುತ್ತಾನೆ ಎಂಬುದನ್ನು ನೂರು ಎಂಬ ಅಂಕಿ ಹೇಳುವುದಿಲ್ಲ.

ಅಮೆರಿಕದಲ್ಲಿ ಈ ಅಂಕಿ ಮಾಡಿದ ಅನರ್ಥಗಳ ಕಥೆ ದೊಡ್ಡದು. ಇಲ್ಲಿ ಅಷ್ಟು ಬೇಡ. ನ್ಯೂಜೆರ್ಸಿಯ ಹೆನ್ರಿ ಗಾಡರ್ಡ್ ಬಿನೆಯ ಪರೀಕ್ಷೆಯನ್ನು ಇಂಗ್ಲಿಷಿಗೆ ತಂದು, ಸಹಾಯ ಕೊಡಲು ಹುಟ್ಟಿದ ಸಾಧನವನ್ನು ಜನರನ್ನು ವಿಂಗಡಿಸಿ ದೂರವಿಡುವ ಸಾಧನವಾಗಿ ಬಳಸಿದರು. ಮೊದಲ ಮಹಾಯುದ್ಧದಲ್ಲಿ ಹದಿನೇಳು ಲಕ್ಷದಷ್ಟು ಸೈನಿಕರನ್ನು ಗುಂಪುಗುಂಪಾಗಿ ಕೂಡಿಸಿ ಪರೀಕ್ಷಿಸಿದರು. ಅಂಕಿಗೆ ಬೆಲೆ ಬಂದಿತು, ಬಿಡಿ ಉತ್ತರಗಳನ್ನು ನೋಡುವ ವ್ಯವಧಾನ ಹೋಯಿತು.

ಈ ಗಾಳಿ ನಮ್ಮ ನಾಡಿಗೂ ಬೀಸಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದವರೆಂದು ಅವರ ಹೆಸರು ಬಲ್ಲವರು ಬಹಳ, ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸಲು ದುಡಿದವರೆಂದು ಬಲ್ಲವರು ಕಡಿಮೆ. ಲಂಡನ್ನಿನಲ್ಲಿ ಅವರ ಗುರುಗಳು ಚಾರ್ಲ್ಸ್ ಸ್ಪಿಯರ್‌ಮನ್. ಒಂದು ವಿಷಯದಲ್ಲಿ ಜಾಣನಾದ ಮಗು ಬಹುಮಟ್ಟಿಗೆ ಉಳಿದವುಗಳಲ್ಲಿಯೂ ಜಾಣನಿರುವುದರಿಂದ, ಎಲ್ಲದರ ಬೆನ್ನಿಗೆ ಒಂದು ಸಾಮಾನ್ಯ ಬುದ್ಧಿಯಿದೆ ಎಂದು 1904ರಲ್ಲಿ ಲೆಕ್ಕ ಹಾಕಿ ವಾದಿಸಿದ ಪಂಡಿತರು ಅವರು. ಬಿನೆಯ ಗೋಣಿಚೀಲಕ್ಕೆ ಸ್ಪಿಯರ್‌ಮನ್ ಬಾಯಿ ಹೊಲಿದರು ಎನ್ನಬಹುದು. ಈ ವಾದದಲ್ಲಿ ತಥ್ಯವಿಲ್ಲದಿಲ್ಲ. ಒಟ್ಟು ಅಂಕಿ ಶಾಲೆಯ ಪ್ರಗತಿಯನ್ನು ಸಾಕಷ್ಟು ಮಟ್ಟಿಗೆ ಮುಂಗಾಣುತ್ತದೆ ಎಂಬುದು ಇಂದಿಗೂ ನಿಂತಿರುವ ಮಾತು. ಆದರೆ ಅದು ನೂರು ಮಕ್ಕಳ ಮೇಲಿನ ಮಾತು. ಗಿರಣಿಯ ಹುಡುಗ ಒಬ್ಬನೇ.

ಇತ್ತ ಉತ್ತರದಲ್ಲಿ ವಿ. ವಿ. ಕಾಮತರು ಧಾರವಾಡದ ಕಡೆಯ ಕನ್ನಡ, ಮರಾಠಿ ಮಾತಿನ ಮಕ್ಕಳಿಗಾಗಿ ಬಿನೆಯ ಮಾಪಕವನ್ನು ಹೊಸದಾಗಿ ಅಳವಡಿಸಿದರು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅದರ ಲೇಖನ ಬಂತು. 1940ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಪುಸ್ತಕ. ಇದು ಎಂಥ ಕೆಲಸವೆಂದು ಬರಿಯ ಭಾಷಾಂತರ ಮಾಡಿದವರಿಗೆ ತಿಳಿಯಲಾರದು. ಬಿನೆಯ ಪಟ್ಟಿಯಲ್ಲಿ ನಾಣ್ಯಗಳ ಹೆಸರು ಹೇಳಿಸುವ ಪ್ರಶ್ನೆಯಿದೆ. ಪ್ಯಾರಿಸಿನ ನಾಣ್ಯವನ್ನು ನಮ್ಮ ಮಗುವಿನ ಮುಂದೆ ಹಿಡಿದರೆ ಆದೀತೆ? ಸರಿ, ನಮ್ಮ ದುಡ್ಡು ಇಟ್ಟರಾಯಿತು ಎನ್ನಬಹುದು. ಆದರೆ ಆ ಪ್ರಶ್ನೆ ಇಲ್ಲಿಯ ಏಳರ ಮಗುವಿಗೆ ತಕ್ಕದ್ದೋ ಒಂಬತ್ತರದಕ್ಕೋ ಎಂಬುದನ್ನು ಮೇಜಿನ ಮುಂದೆ ಕುಳಿತು ನಿರ್ಣಯಿಸಲಾಗದು. ಒಂದೊಂದೇ ಮಗುವನ್ನು ಎದುರಿಗೆ ಕೂಡಿಸಿಕೊಂಡು ಕೇಳಬೇಕು. ಸುಮಾರು ಸಾವಿರ ಮಕ್ಕಳನ್ನು ಹಾಗೆ ಕೇಳಿದರು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮುಂದೆ ಬಂದವರು ಅದರ ಪ್ರಶ್ನೆಗಳನ್ನು ಭಾಷೆ, ನೆನಪು, ತರ್ಕ, ಎಣಿಕೆ, ಸಾಮಾಜಿಕ ತಿಳಿವು ಎಂದು ಗುಂಪು ಮಾಡಿ, ಮಗು ಯಾವ ಗುಂಪಿನಲ್ಲಿ ಎಷ್ಟು ಮೇಲೆ ಹೋಯಿತು ಎಂದು ನೋಡುವ ರೂಢಿ ಮಾಡಿದರು. ಹೊಲಿದ ಚೀಲದ ಬಾಯಿ ಮತ್ತೆ ಸ್ವಲ್ಪ ಬಿಚ್ಚಿತು. ನಾನು ಸೈಕಲ್ ತುಳಿದ ಊರಿನಲ್ಲಿ ಇಂಥದೊಂದು ಕೆಲಸ ನಡೆದಿತ್ತೆಂಬುದು ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ತರಬೇತಿಯಲ್ಲಿ ಟರ್ಮನ್ನರ ಹೆಸರು ಕೇಳಿದ್ದೆವು, ಕಾಮತರ ಹೆಸರು ಕೇಳಿರಲಿಲ್ಲ.

ಚೀಲವನ್ನು ಪೂರ್ತಿ ಬಿಚ್ಚಿದವರು ಡೇವಿಡ್ ವೆಕ್ಸ್ಲರ್. ರುಮೇನಿಯದಲ್ಲಿ 1896ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ವಲಸೆ ಬಂದ ಮನೆತನದವರು. ಯುದ್ಧಕಾಲದಲ್ಲಿ ಸೈನ್ಯದ ಬುದ್ಧಿಪರೀಕ್ಷೆಗಳಿಗೆ ಅಂಕ ಹಾಕುವ ಕೆಲಸ ಮಾಡಿ, ಆಮೇಲೆ ಲಂಡನ್ನಿಗೆ ಹೋಗಿ ಸ್ಪಿಯರ್‌ಮನ್ನರ ಹತ್ತಿರವೇ ಕಲಿತರು. ನಮ್ಮ ಗೋಪಾಲಸ್ವಾಮಿಯವರಿಗೂ ಇವರಿಗೂ ಗುರುಗಳು ಒಬ್ಬರೇ ಎಂಬುದು ಸೋಜಿಗ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿದ್ದಾಗ 1939ರಲ್ಲಿ ದೊಡ್ಡವರಿಗಾಗಿಯೂ 1949ರಲ್ಲಿ ಮಕ್ಕಳಿಗಾಗಿಯೂ ಹೊಸ ಮಾಪಕಗಳನ್ನು ಹೊರತಂದರು. ಅವರು ವಯಸ್ಸಿನ ಮೆಟ್ಟಿಲುಗಳನ್ನು ತೆಗೆದುಹಾಕಿದರು. ಬಾಯಿಲೆಕ್ಕದ ಪ್ರಶ್ನೆಗಳೆಲ್ಲ ಒಂದು ಸಾಲು. ಎರಡು ವಸ್ತುಗಳ ಹೋಲಿಕೆ ಹೇಳುವುದು ಒಂದು ಸಾಲು. ಬಣ್ಣದ ಘನಗಳನ್ನು ಮಾದರಿಯಂತೆ ಜೋಡಿಸುವುದು ಇನ್ನೊಂದು. ಪ್ರತಿಯೊಂದು ಸಾಲಿಗೂ ಅದರದೇ ಅಂಕ. ಅದನ್ನು ಅದೇ ವಯಸ್ಸಿನ ಉಳಿದ ಮಕ್ಕಳ ಅಂಕದೊಡನೆ ಹೋಲಿಸುವುದು. ಮಾತಿನ ಪರೀಕ್ಷೆಗಳಿಗೆ ಒಂದು ಒಟ್ಟು ಅಂಕಿ, ಕೈಕೆಲಸದವುಗಳಿಗೆ ಒಂದು, ಎರಡೂ ಸೇರಿ ಒಂದು. ಇದನ್ನು ನಾಗಪುರದ ಪಾದ್ರಿ ಎ. ಜೆ. ಮಾಲಿನ್ 1969ರಲ್ಲಿ ಭಾರತದ ಮಕ್ಕಳಿಗೆ ಅಳವಡಿಸಿದರು. ನನ್ನ ಟ್ರಂಕಿನ ಕಾಗದ ಈ ಸಂತತಿಯದು.

ಈಗ ಆ ಹನ್ನೊಂದು ಸಾಲುಗಳನ್ನು ಓದುಗರ ಮುಂದಿಡುತ್ತೇನೆ. ಸಾಮಾನ್ಯ ತಿಳಿವಳಿಕೆ 84, ವ್ಯವಹಾರಜ್ಞಾನ 104, ಬಾಯಿಲೆಕ್ಕ 76, ಹೋಲಿಕೆ 110, ಶಬ್ದಾರ್ಥ 96, ಅಂಕಿಗಳನ್ನು ಕೇಳಿ ಮರಳಿ ಒಪ್ಪಿಸುವುದು 70. ಇವು ಮಾತಿನವು; ಸರಾಸರಿ 90. ಚಿತ್ರದಲ್ಲಿ ಇಲ್ಲದ್ದನ್ನು ಗುರುತಿಸುವುದು 102, ಘನಗಳ ಜೋಡಣೆ 118, ತುಂಡುಗಳನ್ನು ಕೂಡಿಸಿ ಆಕೃತಿ ಮಾಡುವುದು 104, ಸಂಕೇತಗಳನ್ನು ಬೇಗಬೇಗ ನಕಲು ಮಾಡುವುದು 66, ಕಾಗದದ ಮೇಲಿನ ಚಕ್ರವ್ಯೂಹದಿಂದ ಹೊರಬರುವುದು 100. ಇವು ಕೈಯವು, ಸರಾಸರಿ 98. ತೊಂಬತ್ತು, ತೊಂಬತ್ತೆಂಟುಗಳ ನಡುವೆ 94.

ಇಂಥ ಏರಿಳಿತಗಳನ್ನು ಓದುವ ವಿದ್ಯೆಗೂ ಒಂದು ಚರಿತ್ರೆಯಿದೆ. 1940ರ ದಶಕದಲ್ಲಿ ಕಾನ್ಸಸ್‌ನ ಮೆನಿಂಜರ್ ಚಿಕಿತ್ಸಾಲಯದ ಡೇವಿಡ್ ರಾಪಾಪೋರ್ಟ್ ಮತ್ತು ಸಂಗಡಿಗರು ಪ್ರತಿಯೊಂದು ತಗ್ಗಿಗೂ ಒಂದು ಅರ್ಥವನ್ನು ಹುಡುಕತೊಡಗಿದರು. ಮುಂದೆ ಅದು ಹಸ್ತಸಾಮುದ್ರಿಕದ ಮಟ್ಟಕ್ಕೆ ಹೋಯಿತೆಂದರೂ ತಪ್ಪಿಲ್ಲ: ಇಲ್ಲಿ ತಗ್ಗಿದ್ದರೆ ಆತಂಕ, ಅಲ್ಲಿ ತಗ್ಗಿದ್ದರೆ ಮಿದುಳಿನ ದೋಷ. ಎಲ್ಲ ತಗ್ಗುದಿಣ್ಣೆಗಳೂ ರೋಗವಾದರೆ, ರೋಗವಿಲ್ಲದ ಮಕ್ಕಳಲ್ಲಿ ತಗ್ಗುದಿಣ್ಣೆ ಇಲ್ಲವೆ? ಬಹಳ ಕಾಲ ಯಾರೂ ಸರಿಯಾಗಿ ಎಣಿಸಿರಲಿಲ್ಲ. 1976ರಲ್ಲಿ ಆಲನ್ ಕಾಫ್‌ಮನ್ ಎಣಿಸಿದರು. ಏನೂ ತೊಂದರೆಯಿಲ್ಲದ ಸಾಮಾನ್ಯ ಮಕ್ಕಳಲ್ಲಿಯೇ ಮಾತಿನ ಅಂಕಿಗೂ ಕೈಯ ಅಂಕಿಗೂ ಸರಾಸರಿ ಸುಮಾರು ಹತ್ತರ ಅಂತರ. ನಾಲ್ವರಲ್ಲಿ ಒಬ್ಬರಿಗೆ ಹದಿನೈದೋ ಅದಕ್ಕಿಂತ ಹೆಚ್ಚೋ. ಹತ್ತು ಸರಾಸರಿಯಿರುವ ಬಿಡಿ ಅಂಕಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೂ ಕೆಳಗಿನದಕ್ಕೂ ಏಳರ ಅಂತರ. ಅಂದರೆ ಏರಿಳಿತವೇ ಮಕ್ಕಳ ಸಹಜ ಸ್ಥಿತಿ. ಎಷ್ಟೋ ವೈದ್ಯರು ಆರೋಗ್ಯವನ್ನೇ ರೋಗವೆಂದು ಬರೆದುಕೊಟ್ಟಿದ್ದರು.

ಅದೇ ಹೊತ್ತಿಗೆ ಒಟ್ಟು ಅಂಕಿಯೂ ಕಟಕಟೆ ಏರಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಆರು ಕಪ್ಪು ಮಕ್ಕಳನ್ನು ಬುದ್ಧಿಲಬ್ಧದ ಬಲದ ಮೇಲೆ ಮಂದಮತಿಗಳ ತರಗತಿಗೆ ಹಾಕಿದ್ದನ್ನು ಅವರ ತಂದೆತಾಯಿಗಳು 1971ರಲ್ಲಿ ನ್ಯಾಯಾಲಯಕ್ಕೆ ಒಯ್ದಿದ್ದರು. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕಮ್ ಅಂಥ ವಿಂಗಡಣೆಗೆ ಈ ಪರೀಕ್ಷೆಗಳನ್ನು ಬಳಸಕೂಡದೆಂದು ತೀರ್ಪು ಕೊಟ್ಟರು. ಅದೇ 1979ರಲ್ಲಿ ಕಾಫ್‌ಮನ್ನರು ತಮ್ಮ ಹೆಸರಾಂತ ಪುಸ್ತಕದಲ್ಲಿ ಅಂಕಗಳನ್ನು ಓದುವ ಕ್ರಮವನ್ನು ಹೇಳಿದರು. ಒಂದು ತಗ್ಗನ್ನು ನಂಬಬೇಡಿ. ಎರಡು ಮೂರು ತಗ್ಗುಗಳು ಒಂದೇ ಕಾರಣದ ಕಡೆ ಬೆರಳು ತೋರಿದರೆ ಅದನ್ನು ಊಹೆಯೆಂದು ಹಿಡಿಯಿರಿ. ಆ ಊಹೆಯನ್ನು ಪರೀಕ್ಷೆಯ ಹೊರಗೆ, ಮಗುವಿನ ತರಗತಿಯಲ್ಲಿ, ಮನೆಯಲ್ಲಿ ತಾಳೆ ನೋಡಿರಿ. ಇದು ಅವರ ಕ್ರಮದ ಸಾರ. ಇದಕ್ಕೂ ಎದುರಾಳಿಗಳು ಹುಟ್ಟಿದರು. ಬಿಡಿ ಸಾಲುಗಳು ಚಿಕ್ಕವು, ಅವುಗಳ ಅಳತೆಯಲ್ಲಿ ತಪ್ಪಿನ ಪಾಲು ಹೆಚ್ಚು, ಕೆಲವು ಕಾಲದ ಮೇಲೆ ಮತ್ತೆ ಪರೀಕ್ಷಿಸಿದರೆ ಅವೇ ತಗ್ಗುದಿಣ್ಣೆಗಳು ಮರಳಿ ಸಿಗುವುದಿಲ್ಲ ಎಂದು 1990ರಲ್ಲಿ ಮ್ಯಾಕ್‌ಡರ್ಮಟ್, ಫಾಂಟುಝೊ, ಗ್ಲಟಿಂಗ್ ಎಂಬ ಮೂವರು ವಾದಿಸಿದರು. ಈ ಜಗಳ ಇನ್ನೂ ಮುಗಿದಿಲ್ಲ. ಮಾಪಕವೂ ಸುಮ್ಮನೆ ಕೂಡಲಿಲ್ಲ: 2003ರ ಆವೃತ್ತಿಯಲ್ಲಿ ಮಾತು, ಕೈ ಎಂಬ ಹಳೆಯ ಇಬ್ಭಾಗವನ್ನೇ ಕೈಬಿಟ್ಟರು, 2014ರದರಲ್ಲಿ ಐದು ಗುಂಪುಗಳಾದವು. ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ ಒಂದು ಗುಂಪು, ಬೇಗ ಮಾಡುವ ಶಕ್ತಿ ಇನ್ನೊಂದು.

ಗಿರಣಿಯ ಹುಡುಗನ ಕಾಗದಕ್ಕೆ ಬರೋಣ. ಮಾತು, ಕೈಗಳ ಅಂತರ ಬರಿಯ ಎಂಟು. ಅದು ಏನನ್ನೂ ಹೇಳದು. ಆದರೆ ಮೇಲಿನ 118ಕ್ಕೂ ಕೆಳಗಿನ 66ಕ್ಕೂ ನಡುವೆ 52. ಕಾಫ್‌ಮನ್ನರ ಏಳು, ಈ ಲೆಕ್ಕದಲ್ಲಿ ಸ್ಥೂಲವಾಗಿ 35; ಅದಕ್ಕಿಂತ ಇದು ಬಹಳ ಹೆಚ್ಚು. ಬಾಯಿಲೆಕ್ಕ, ಸಂಕೇತ, ತಿಳಿವಳಿಕೆ, ಅಂಕಿ ಒಪ್ಪಿಸುವುದು ಈ ನಾಲ್ಕೇ ಕುಸಿದಿವೆ, ಉಳಿದ ಏಳೂ ನೆಟ್ಟಗಿವೆ. ಓದು ಬರಹದಲ್ಲಿ ತೊಡಕಿರುವ ಮಕ್ಕಳ ಕುರುಹು ಎಂದು ಪುಸ್ತಕಗಳು ಹೇಳುತ್ತಿದ್ದುದು ಇದೇ ನಾಲ್ಕನ್ನು! ಇದನ್ನು ಕಂಡಾಗ ನನ್ನ ಕೈ ನಡುಗಿತು. ಆಮೇಲೆ ಮುಂದೆ ಓದಿದೆ: ಅಂಥ ಮಕ್ಕಳಲ್ಲಿಯೇ ಹೆಚ್ಚಿನವರಿಗೆ ಈ ಕುರುಹು ಪೂರ್ತಿಯಾಗಿ ಇರುವುದಿಲ್ಲವಂತೆ, ಆದುದರಿಂದ ಇದೊಂದನ್ನೇ ನೆಚ್ಚಿ ಹೌದೆನ್ನಲೂ ಬಾರದು, ಅಲ್ಲವೆನ್ನಲೂ ಬಾರದು. ನಕಲಿನಲ್ಲಿ ಕುಸಿದದ್ದು ಕಣ್ಣಿನ ದೋಷದಿಂದಲೂ ಇರಬಹುದು, ಪೆನ್ಸಿಲು ಹಿಡಿದು ರೂಢಿಯಿಲ್ಲದ್ದರಿಂದಲೂ ಇರಬಹುದು. ಓದಲು ಬಾರದ ಮಗುವಿಗೆ ಸಾಮಾನ್ಯ ತಿಳಿವಳಿಕೆ ಎಲ್ಲಿಂದ ಬಂದೀತು?

ತಾಳೆ ನೋಡಲು ಬೇಕಾದದ್ದೆಲ್ಲ ಆಗ ನನ್ನ ಕಣ್ಣ ಮುಂದೆಯೇ ಇತ್ತು. ಹಲಗೆಯ ಮೇಲಿನ ಮೂರು ಸಾಲು ಬರೆದುಕೊಳ್ಳುವಷ್ಟರಲ್ಲಿ ಅವನಿಗೆ ಗಂಟೆ ಬಾರಿಸುತ್ತಿತ್ತು. ಏಳರ ಮಗ್ಗಿ ಇಂದು ಬಂದದ್ದು ನಾಳೆ ಇರುತ್ತಿರಲಿಲ್ಲ. ಕಥೆ ಹೇಳಿ, ನರಿ ಹಾಗೇಕೆ ಮಾಡಿತು ಎಂದು ಕೇಳಿದರೆ ಮೊದಲು ಕೈ ಎತ್ತುವವನು ಅವನೇ. ಶಾಲೆಯ ಕಪಾಟಿನ ಕೀಲಿ ಕೆಟ್ಟು ಸಿಪಾಯಿ ಸೋತು ಕುಳಿತಾಗ ಬಿಚ್ಚಿ ಸರಿಮಾಡಿದವನೂ ಅವನೇ. ಆವತ್ತು ನಾನೇ ಬೆನ್ನು ತಟ್ಟಿದ್ದೆ! ಅವನನ್ನು ಮುಂದಿನ ಬೆಂಚಿಗೆ ಕರೆದು, ಲೆಕ್ಕವನ್ನು ಬಾಯಲ್ಲಿ ಹೇಳದೆ ಕಾಗದದ ಮೇಲೆ ಕೊಟ್ಟು, ನಕಲು ತೆಗೆಯುವುದನ್ನು ಅರ್ಧ ಮಾಡಿ, ಬರೆಯುವ ಬದಲು ಹೇಳಿಸಿ ನೋಡಬಹುದಿತ್ತು. ಇದಕ್ಕೆ ಮನಶ್ಶಾಸ್ತ್ರದ ಪದವಿ ಬೇಕಿರಲಿಲ್ಲ. ಕಲಿಕೆಯ ಇಂಥ ತೊಡಕನ್ನು ನಮ್ಮ ದೇಶದ ಕಾಯಿದೆ ಅಂಗವಿಕಲತೆಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಆದರೆ ಬೆಂಚು ಬದಲಾಯಿಸಲು ನನಗೆ ಕಾಯಿದೆಯೂ ಬೇಕಿರಲಿಲ್ಲ.

ಹೋದ ತಿಂಗಳು ಮನೆಯ ನೀರಿನ ಪಂಪಿನ ಮೋಟಾರು ಸುಟ್ಟಿತು. ಸುತ್ತಿಸಲು ಒಯ್ದ ಅಂಗಡಿಯಲ್ಲಿ ತಾಮ್ರದ ತಂತಿಯ ನಡುವಿನಿಂದ ನಲವತ್ತರ ಆಸುಪಾಸಿನ ಒಬ್ಬ ಎದ್ದು ಬಂದು, “ಸರ, ಗುರ್ತ ಸಿಗಲಿಲ್ಲೇನ್ರಿ?” ಎಂದು ಕಾಲು ಮುಟ್ಟಿದ. ತಂದೆ ಹೋಗಿ ಆರು ವರ್ಷವಾಯಿತಂತೆ. ಮಗಳು ಮೂರನೆಯ ಇಯತ್ತೆ.

“ಶಾಣೆ ಅದಾಳ್ರಿ, ಆದ್ರ ಮಗ್ಗಿ ನೆಪ್ಪಿರೂದಿಲ್ರಿ, ಬರಿಯಾಕ ಒಲ್ಲೆ ಅಂತಾಳ್ರಿ. ನನ್ನಂಗ ಮೈಗಳ್ಳಿ.”

ನನ್ನ ಮಾತು ಮೂವತ್ತು ವರ್ಷದ ಮೇಲೆ ಹೀಗೆ ಮರಳಿ ಬಂತು. ಮರುದಿನ ಕಾಗದ ತೆಗೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕುಳಿತು, ಒಂದೊಂದು ಸಾಲನ್ನೂ ಅವನಿಗೆ ತಿಳಿಸಿ ಹೇಳಿದೆ. 118ರ ಮೇಲೆ ಗ್ರೀಸು ಹತ್ತಿದ ಬೆರಳಿಟ್ಟು ಬಹಳ ಹೊತ್ತು ನೋಡಿದ. ಬಣ್ಣದ ಗಟ್ಟಿಗಳು ಅವನಿಗೆ ನೆನಪಿದ್ದವು.

“ಇದನ್ನೆಲ್ಲಾ ಆವತ್ತ ನಮ್ಮಪ್ಪಗ ಹೇಳಿದ್ರೇನ್ರಿ ಸರ?”

“ಇಲ್ಲಪಾ,” ಎಂದೆ.

ಅವನು ಮತ್ತೇನೂ ಕೇಳಲಿಲ್ಲ. ಬರುವ ರವಿವಾರ ಮಗಳನ್ನು ಮನೆಗೆ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ. ಅವಳ ಪಾಟೀಚೀಲವನ್ನೂ ತಾ, ನೋಟುಬುಕ್ಕುಗಳನ್ನು ನೋಡಬೇಕು ಎಂದು ಹೇಳಿದ್ದೇನೆ.